ದೂರದಲ್ಲಿರುವ ವಧೂವರರ ವಿವಾಹ

ಹೊಟ್ಟೆಪಾಡಿಗಾಗಿಯೂ ವಿದ್ಯೆಗಾಗಿಯೂ ಊರು ಬಿಟ್ಟು ಹೋಗುವ ತರುಣ ತರುಣಿಯರು ನಮ್ಮ ನಾಡಿನಲ್ಲಿ ದಿನೇ ದಿನೇ ಹೆಚ್ಚುತ್ತಿರುವರೆಂಬುದು ವಾಚಕರಿಗೆ ತಿಳಿಯದ ವಿಷಯವಲ್ಲ. ಮಂಗಳೂರಿನ ದಾದಿಯು ಕುವೈತಿನ ಆಸ್ಪತ್ರೆಯಲ್ಲಿರುವಳು. ಭಟ್ಕಳದ ವರ್ತಕನು ದುಬೈಯಲ್ಲಿರುವನು. ಬೆಂಗಳೂರಿನ ಇಂಜಿನಿಯರನು ಅಮೆರಿಕದಲ್ಲಿರುವನು. ಕೊಡಗಿನ ಯೋಧನು ಹಿಮಾಲಯದ ಗಡಿಯಲ್ಲಿ ಕಾವಲು ನಿಂತಿರುವನು. ಕಾರವಾರದ ನಾವಿಕನು ಯಾವ ಸಮುದ್ರದಲ್ಲಿರುವನೋ ಮನೆಯವರಿಗೂ ತಿಳಿಯದು. ಇವರಲ್ಲಿ ಬಹುಮಂದಿ ಮದುವೆಯ ವಯಸ್ಸಿನವರು. ಇವರಿಗೆ ದೊರೆಯುವ ರಜೆಯು ದಿನಗಳ ಲೆಕ್ಕದ್ದು. ನಮ್ಮ ವಿವಾಹದ ಕಾಯಿದೆಯು ಕೇಳುವ ಕಾಲವು ತಿಂಗಳುಗಳ ಲೆಕ್ಕದ್ದು. ಈ ಎರಡು ಲೆಕ್ಕಗಳು ಒಂದಕ್ಕೊಂದು ಹೊಂದದಿರುವುದರಿಂದ, ಒಪ್ಪಿದ ಮನಸ್ಸುಗಳೆರಡಿದ್ದರೂ ಮದುವೆಯು ನಿಂತುಹೋಗುವ ಸಂದರ್ಭಗಳು ಬಂದೊದಗುತ್ತಿರುವುವು.

2024ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಿಂದ ಒಂದು ವರ್ತಮಾನ ಬಂದಿತ್ತು. ಬಿಲಾಸಪುರದ ವರನು ತುರ್ಕಿ ದೇಶದಲ್ಲಿ ಕೆಲಸದಲ್ಲಿದ್ದನು, ವಧುವು ಮಂಡಿಯವಳು. ಕೆಲಸ ಕೊಟ್ಟವರು ರಜೆ ಕೊಡಲಿಲ್ಲ. ವಧುವಿನ ಅಜ್ಜನು ಕಾಯಿಲೆಯಿಂದಿದ್ದು, ಮೊಮ್ಮಗಳ ಮದುವೆಯನ್ನು ಕಣ್ಣಾರೆ ಕಾಣಬೇಕೆಂದು ಬಯಸಿದನು. ಕೊನೆಗೆ ವೀಡಿಯೊ ಕರೆಯ ಮೂಲಕ ಕಾಜಿಯ ಸಮಕ್ಷಮದಲ್ಲಿ ನಿಕಾಹವು ನೆರವೇರಿತು. ಇದನ್ನು ಓದಿ ಕೆಲವರು ನಕ್ಕರು, ಕೆಲವರು ಮೆಚ್ಚಿದರು. ನಮಗಾದರೋ ಇದು ನಗುವ ವಿಷಯವಾಗಿಯೂ ಕಾಣಲಿಲ್ಲ, ಬರಿಯ ವಿನೋದವಾಗಿಯೂ ಕಾಣಲಿಲ್ಲ. ರಾಜ್ಯಶಾಸನವು ಪ್ರಜೆಯ ಜೀವನಕ್ಕಿಂತ ಎಷ್ಟು ಹಿಂದೆ ಉಳಿದಿದೆಯೆಂಬುದಕ್ಕೆ ಇದೊಂದು ನಿದರ್ಶನವಾಗಿ ಕಂಡಿತು.

ವಧೂವರರು ಒಂದೆಡೆ ಇಲ್ಲದೆಯೇ ಮದುವೆಯಾಗುವುದು ಇದಂಪ್ರಥಮವೇನೂ ಅಲ್ಲ. ವರನ ಬದಲಾಗಿ ಅವನ ಖಡ್ಗವನ್ನಿರಿಸಿ ಕನ್ಯೆಯನ್ನು ಧಾರೆಯೆರೆಯುವ ಕತ್ತಿಮದುವೆಯ ಪದ್ಧತಿಯು ರಾಜಪುತಾನದಲ್ಲಿಯೂ ದಕ್ಷಿಣದ ಕೆಲವು ಅರಸುಮನೆತನಗಳಲ್ಲಿಯೂ ಇದ್ದಿತು. 1770ರ ಏಪ್ರಿಲ್ 19ರಂದು ವಿಯೆನ್ನಾ ನಗರದಲ್ಲಿ ಮಾರಿ ಆಂಟ್ವನೆಟ್ಟಳು ಫ್ರಾನ್ಸಿನ ಯುವರಾಜನನ್ನು ವಿವಾಹವಾದಾಗ, ವರನ ಸ್ಥಾನದಲ್ಲಿ ನಿಂತವನು ಆಕೆಯ ಸ್ವಂತ ಅಣ್ಣನಾದ ಫರ್ಡಿನಾಂಡನು. 1810ರ ಮಾರ್ಚಿಯಲ್ಲಿ ಅದೇ ವಿಯೆನ್ನಾದಲ್ಲಿ ಮಾರಿ ಲೂಯಿಸಳಿಗೂ ನೆಪೋಲಿಯನ್ ಚಕ್ರವರ್ತಿಗೂ ವಿವಾಹವಾದಾಗ, ಚಕ್ರವರ್ತಿಯು ಪ್ಯಾರಿಸಿನಲ್ಲಿಯೇ ಇದ್ದನು. ಅವನ ಪ್ರತಿನಿಧಿಯಾಗಿ ನಿಂತವನು ಹಿಂದಿನ ವರ್ಷ ರಣರಂಗದಲ್ಲಿ ಅವನನ್ನೇ ಎದುರಿಸಿದ್ದ ವಧುವಿನ ಚಿಕ್ಕಪ್ಪ ಚಾರ್ಲ್ಸನು! ಕ್ಯಾಥೊಲಿಕ್ ಕ್ರೈಸ್ತರ ಧರ್ಮಶಾಸನವು ವಿಶೇಷ ಅಧಿಕಾರಪತ್ರವನ್ನು ಪಡೆದ ಪ್ರತಿನಿಧಿಯ ಮೂಲಕ ವಿವಾಹವಾಗುವುದಕ್ಕೆ ಇಂದಿಗೂ ಅವಕಾಶ ಕೊಟ್ಟಿರುವುದು. ಮುಸಲ್ಮಾನರ ಶಾಸ್ತ್ರವು ವಕೀಲನ ಮೂಲಕ ಒಪ್ಪಿಗೆ ಕೊಡುವುದನ್ನು ಬಹುಕಾಲದಿಂದಲೂ ಅಂಗೀಕರಿಸಿರುವುದು.

ಆದರೆ ಈ ಪೂರ್ವೋದಾಹರಣೆಗಳನ್ನು ತೋರಿಸಿ ಮಾತು ಮುಗಿಸಿಬಿಡುವುದು ಸರಿಯಲ್ಲ. ಮಾರಿ ಆಂಟ್ವನೆಟ್ಟಳಿಗೆ ಆಗ 14 ವರ್ಷ. ಆಕೆಯ ಇಷ್ಟವೇನೆಂದು ಕೇಳಿದವರಾರು? ಕತ್ತಿಯ ಪಕ್ಕದಲ್ಲಿ ಕುಳಿತ ಹುಡುಗಿಯನ್ನು ಕೇಳಿದವರಾರು? ಅಂದಿನ ರಾಜವಿವಾಹಗಳಲ್ಲಿ ದೂರವಿದ್ದುದು ದೇಹಗಳು ಮಾತ್ರವಲ್ಲ, ಮನಸ್ಸುಗಳೂ ದೂರವೇ ಇದ್ದುವು. 1908ರಿಂದ 1920ರವರೆಗೆ ಜಪಾನಿನಿಂದ ಅಮೆರಿಕಕ್ಕೂ ಹವಾಯಿಗೂ ಹೋದ ಸಾವಿರಾರು ವಧುಗಳ ಕಥೆಯೂ ಇಂಥದೇ. ಭಾವಚಿತ್ರಗಳನ್ನು ವಿನಿಮಯ ಮಾಡಿಕೊಂಡು, ವರನ ಮನೆತನದ ದಫ್ತರಿನಲ್ಲಿ ಹೆಸರು ಬರೆಸಿಕೊಂಡು, ಪತ್ನಿಯರಾಗಿಯೇ ಹಡಗು ಹತ್ತಿದ ಆ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ, ಬಂದರದಲ್ಲಿ ತಮ್ಮನ್ನು ಎದುರುಗೊಂಡ ಗಂಡನು ಭಾವಚಿತ್ರದಲ್ಲಿದ್ದವನಿಗಿಂತ ಹತ್ತು ಹದಿನೈದು ವರ್ಷ ದೊಡ್ಡವನೆಂಬುದನ್ನು ಕಂಡು ಕಣ್ಣೀರಿಟ್ಟರು. ಪ್ರತಿನಿಧಿಯನ್ನಾಗಲಿ ಚಿತ್ರವನ್ನಾಗಲಿ ನಂಬಿದ ಮದುವೆಯಲ್ಲಿ ಮೋಸಕ್ಕೆ ಬಾಗಿಲು ತೆರೆದೇ ಇರುವುದು.

ಇಂದಿನ ಕಾಲವು ತಂದಿರುವ ಹೊಸತು ಯಾವುದೆಂದರೆ, ದೂರದಲ್ಲಿರುವವನು ಪ್ರತಿನಿಧಿಯಿಲ್ಲದೆ ತಾನೇ ಕಾಣಿಸಿಕೊಂಡು ತನ್ನ ಬಾಯಿಂದಲೇ ಮಾತನಾಡಬಲ್ಲನು. ಇದು ಕತ್ತಿಮದುವೆಯ ಮುಂದುವರಿಕೆಯಲ್ಲ. ಅದಕ್ಕೆ ತೀರ ವಿರುದ್ಧವಾದುದು. ಆದುದರಿಂದ ನಮ್ಮ ಸಿದ್ಧಾಂತವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ: ದೂರವು ವಿವಾಹಕ್ಕೆ ಅಡ್ಡಿಯಾಗಬಾರದು, ಆದರೆ ಒಪ್ಪಿಗೆಯನ್ನು ಇನ್ನೊಬ್ಬರ ಕೈಯಲ್ಲಿ ಕೊಟ್ಟು ಕಳುಹಿಸಲೂ ಬಾರದು. ಈ ಎರಡನ್ನೂ ಏಕಕಾಲದಲ್ಲಿ ಸಾಧಿಸುವ ನಿಯಮಗಳನ್ನು ಸರ್ಕಾರವು ಮಾಡತಕ್ಕದ್ದು.

ಈಗಿರುವ ಕಾಯಿದೆಯ ಸ್ವರೂಪವನ್ನು ಸ್ವಲ್ಪ ನೋಡೋಣ. 1955ರ ಹಿಂದೂ ವಿವಾಹ ಕಾಯಿದೆಯು ಸಂಪ್ರದಾಯಸಿದ್ಧವಾದ ವಿಧಿಗಳಿಂದ ನಡೆದ ಮದುವೆಯನ್ನು ಅಂಗೀಕರಿಸುವುದು. ಸಪ್ತಪದಿಯು ಆ ವಿಧಿಗಳಲ್ಲಿ ಸೇರಿದ್ದಲ್ಲಿ ಏಳನೆಯ ಹೆಜ್ಜೆಯಿಟ್ಟಾಗ ವಿವಾಹವು ಪೂರ್ಣವಾಗುವುದು. ಅಲ್ಲಿ ಕೈ ಹಿಡಿಯಬೇಕು, ಜೊತೆಯಾಗಿ ನಡೆಯಬೇಕು. ತೆರೆಯ ಮೇಲಿನ ಮುಖಕ್ಕೆ ಅದು ಸಾಧ್ಯವಲ್ಲ. ಜಾತಿಮತಗಳ ಭೇದವಿಲ್ಲದೆ ಎಲ್ಲರಿಗೂ ತೆರೆದಿರುವುದು 1954ರ ವಿಶೇಷ ವಿವಾಹ ಕಾಯಿದೆ. ಇದರ ಪ್ರಕಾರ ವಧೂವರರಲ್ಲಿ ಒಬ್ಬರಾದರೂ 30 ದಿನಗಳಿಗೆ ಕಡಿಮೆಯಿಲ್ಲದೆ ವಾಸಿಸಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು. ಅದನ್ನು ಪ್ರಕಟಿಸಿದ ಮೇಲೆ ಆಕ್ಷೇಪಣೆಗಳಿಗಾಗಿ 30 ದಿನ ಕಾಯಬೇಕು. ಅನಂತರ ಮೂವರು ಸಾಕ್ಷಿಗಳೊಡನೆ ಅಧಿಕಾರಿಯ ಮುಂದೆ ಪ್ರತಿಜ್ಞೆ ಮಾಡಿ ರುಜು ಹಾಕಬೇಕು. ನೋಟೀಸು ಕೊಟ್ಟು ಮೂರು ತಿಂಗಳೊಳಗೆ ಇಷ್ಟೂ ಆಗದಿದ್ದರೆ ಹೊಸದಾಗಿ ನೋಟೀಸು ಕೊಡಬೇಕು.

ನೋಟೀಸು ಕೊಡುವ ದಿನವೂ ಇಬ್ಬರೂ ಖುದ್ದಾಗಿ ಹಾಜರಾಗಬೇಕೆಂದು ಅನೇಕ ಕಚೇರಿಗಳಲ್ಲಿ ಕೇಳುವರು. ಇದರ ಫಲವೇನೆಂದರೆ, ಹದಿನೈದು ದಿನದ ರಜೆಯಲ್ಲಿ ಬಂದವನು ನೋಟೀಸನ್ನೇನೋ ಕೊಡಬಲ್ಲನು, ಮದುವೆಯಾಗಲಾರನು. ಮದುವೆಯಾಗಬೇಕಾದರೆ ಮೂರು ತಿಂಗಳೊಳಗೆ ಮತ್ತೊಮ್ಮೆ ಸಮುದ್ರ ದಾಟಿ ಬರಬೇಕು. ಎರಡು ಸಲ ವಿಮಾನದ ವೆಚ್ಚವನ್ನು ತೆರುವ ಶಕ್ತಿಯೂ ಎರಡು ಸಲ ರಜೆ ಪಡೆಯುವ ಪ್ರಭಾವವೂ ಎಷ್ಟು ಮಂದಿಗಿದೆ? 1969ರ ವಿದೇಶೀ ವಿವಾಹ ಕಾಯಿದೆಯಾದರೂ ಆಗಬಹುದೆಂದರೆ, ಅದು ಪರದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ವಧೂವರರಿಬ್ಬರೂ ನಿಲ್ಲುವ ಸಂದರ್ಭಕ್ಕೆ ಹೇಳಿದ್ದು. ಒಬ್ಬರು ಶಿವಮೊಗ್ಗದಲ್ಲಿಯೂ ಇನ್ನೊಬ್ಬರು ಟೊರಾಂಟೊದಲ್ಲಿಯೂ ಇದ್ದಲ್ಲಿ ಅದರಿಂದ ಪ್ರಯೋಜನವಿಲ್ಲ. ವಿವಾಹದ ಪ್ರಮಾಣಪತ್ರವಿಲ್ಲದೆ ಪತ್ನಿಗೆ ವೀಸಾ ದೊರೆಯದು. ವೀಸಾ ಇಲ್ಲದೆ ಜೊತೆಯಾಗಿರುವಂತಿಲ್ಲ. ಜೊತೆಯಾಗಿರದೆ ಪ್ರಮಾಣಪತ್ರವೂ ಇಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದೆಂಬ ಗಾದೆಗೆ ಇದಕ್ಕಿಂತ ಸರಿಯಾದ ದೃಷ್ಟಾಂತವು ದೊರೆಯಲಾರದು.

ಈ ಕಷ್ಟವನ್ನು ಕಂಡು ಮೊದಲು ಕನಿಕರಿಸಿದುವು ನ್ಯಾಯಾಲಯಗಳು. ಹರಿಯಾಣದ ಗುರುಗ್ರಾಮದಲ್ಲಿ 2019ರಲ್ಲಿ ಶಾಸ್ತ್ರೋಕ್ತವಾಗಿ ಮದುವೆಯಾಗಿದ್ದ ದಂಪತಿಗಳಲ್ಲಿ ಪತಿಯು ಲಂಡನ್ನಿನಲ್ಲಿಯೂ ಪತ್ನಿಯು ಅಮೆರಿಕದಲ್ಲಿಯೂ ಕೊರೋನಾ ಪಿಡುಗಿನ ಕಾಲದಲ್ಲಿ ಸಿಕ್ಕಿಬಿದ್ದರು. ವಿವಾಹದ ನೋಂದಣಿಗೆ ಇಬ್ಬರೂ ಕಚೇರಿಗೇ ಬರಬೇಕೆಂದು ಅಧಿಕಾರಿಗಳು ಪಟ್ಟುಹಿಡಿದಾಗ, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2021ರ ಮಾರ್ಚಿಯಲ್ಲಿ ವೀಡಿಯೊ ಮೂಲಕ ಹಾಜರಾದರೆ ಸಾಕೆಂದು ತೀರ್ಪಿತ್ತಿತು. ರಾಜ್ಯ ಸರ್ಕಾರವು ಸುಪ್ರೀಂ ಕೋರ್ಟಿನವರೆಗೆ ಹೋದರೂ ಅಲ್ಲಿ ಅದಕ್ಕೆ ಜಯ ದೊರೆಯಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇರಳದ ಹೈಕೋರ್ಟು ಒಂದು ಹೆಜ್ಜೆ ಮುಂದೆ ಹೋಗಿ, ನೋಂದಣಿಯನ್ನು ಮಾತ್ರವಲ್ಲ, ವಿಶೇಷ ವಿವಾಹ ಕಾಯಿದೆಯ ಮೇರೆಗೆ ವಿವಾಹವನ್ನೇ ವೀಡಿಯೊ ಮೂಲಕ ನೆರವೇರಿಸಲು ಅನುಮತಿ ಕೊಟ್ಟಿತು. ಸಾಕ್ಷಿಗಳು ಅಧಿಕಾರಿಯ ಮುಂದೆ ಖುದ್ದಾಗಿರಬೇಕು, ಪರದೇಶದಲ್ಲಿರುವವರ ಗುರುತನ್ನು ನಮ್ಮ ರಾಯಭಾರ ಕಚೇರಿಯವರು ದೃಢಪಡಿಸಬೇಕು ಎಂದು ಕಟ್ಟುಪಾಡುಗಳನ್ನೂ ವಿಧಿಸಿತು. 2022ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟಿನ ಮದುರೆ ಪೀಠವು ಕನ್ಯಾಕುಮಾರಿ ಜಿಲ್ಲೆಯ ವಧುವಿಗೂ ಅಮೆರಿಕಕ್ಕೆ ಹಿಂದಿರುಗಿದ್ದ ವರನಿಗೂ ಇದೇ ರೀತಿಯ ಪರಿಹಾರವನ್ನು ಕೊಟ್ಟಿತು. ಕಾಯಿದೆಯ 12ನೆಯ ವಿಧಿಯು ವಧೂವರರು ತಮಗೆ ಇಷ್ಟವಾದ ರೂಪದಲ್ಲಿ ವಿವಾಹವಾಗಬಹುದೆಂದು ಹೇಳಿರುವುದನ್ನು ಆ ಪೀಠವು ಆಧಾರವಾಗಿಟ್ಟುಕೊಂಡಿತು.

ಈ ತೀರ್ಪುಗಳನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಮದುವೆಯಾಗುವುದಕ್ಕೆ ಪ್ರತಿಯೊಬ್ಬ ಪ್ರಜೆಯೂ ಹೈಕೋರ್ಟಿನ ಮೆಟ್ಟಿಲು ಹತ್ತಬೇಕೆಂದರೆ ಅದು ಸ್ವರಾಜ್ಯದ ಲಕ್ಷಣವಲ್ಲ. ವಕೀಲರ ಫೀಜು ಕೊಡಬಲ್ಲವನಿಗೆ ಮದುವೆ, ಕೊಡಲಾರದವನಿಗೆ ನಿರೀಕ್ಷೆ ಎಂಬ ನ್ಯಾಯವು ಯಾವ ಧರ್ಮಕ್ಕೂ ಒಪ್ಪತಕ್ಕದ್ದಲ್ಲ. ನ್ಯಾಯಾಧೀಶರು ಕಾಯಿದೆಯ ಅರ್ಥವನ್ನು ಉದಾರವಾಗಿ ತಿಳಿಸಿದರೂ, ಕಚೇರಿಯ ಅಧಿಕಾರಿಯು ನಿಯಮಪುಸ್ತಕವನ್ನು ತೋರಿಸಿ ಕೈಯಾಡಿಸುವನು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲವೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗಿರುವುದು. ತಪ್ಪನ್ನು ಆ ಅಧಿಕಾರಿಯ ಮೇಲೆಯೇ ಹೊರಿಸುವುದೂ ನ್ಯಾಯವಲ್ಲ. ಬರೆದ ನಿಯಮವಿಲ್ಲದೆ ರುಜು ಹಾಕಿದರೆ ನಾಳೆ ಉತ್ತರ ಹೇಳಬೇಕಾದವನು ಅವನೇ ಅಲ್ಲವೇ?

ವೀಡಿಯೊ ಮೂಲಕ ಹೇಳಿದ ಮಾತು ಮಾತೇ ಅಲ್ಲವೆನ್ನುವವರಿಗೆ ನಾವು ಒಂದೆರಡು ಸಂಗತಿಗಳನ್ನು ನೆನಪಿಸಬಯಸುತ್ತೇವೆ. ಅಮೆರಿಕದಲ್ಲಿದ್ದ ವೈದ್ಯನೊಬ್ಬನ ಸಾಕ್ಷ್ಯವನ್ನು ವೀಡಿಯೊ ಮೂಲಕ ಪಡೆಯಬಹುದೆಂದು, ಅದೂ ಒಂದು ಕ್ರಿಮಿನಲ್ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು 2003ರಲ್ಲಿಯೇ ನಿರ್ಣಯಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ವಿಚಾರಣೆಗಳನ್ನು ವಿದ್ಯುನ್ಮಾನ ಸಾಧನಗಳಿಂದ ನಡೆಸಲು ಅವಕಾಶ ಕೊಟ್ಟಿರುವುದು. ಇವೆಲ್ಲಕ್ಕಿಂತ ವಿಚಿತ್ರವಾದ ಸಂಗತಿಯೊಂದಿದೆ. ಪರಸ್ಪರ ಸಮ್ಮತಿಯಿಂದ ವಿಚ್ಛೇದನ ಪಡೆಯುವವರ ವಿಷಯದಲ್ಲಿ ವೀಡಿಯೊ ಸಾಧನವನ್ನು ಬಳಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿರುವುದು. ಎಂದಮೇಲೆ, ಬೇರೆಯಾಗುತ್ತೇವೆಂದು ದೂರದಿಂದ ಹೇಳಿದರೆ ಕೇಳುವ ರಾಜ್ಯವು, ಕೂಡಿ ಬಾಳುತ್ತೇವೆಂದು ದೂರದಿಂದ ಹೇಳಿದರೆ ಕಿವಿ ಮುಚ್ಚಿಕೊಳ್ಳುವುದೇಕೆ?

ಇನ್ನು ವಿರೋಧಿಗಳ ವಾದವನ್ನು ವಿಚಾರಮಾಡೋಣ. ವಿವಾಹವು ಸಂಸ್ಕಾರವೇ ಹೊರತು ಕರಾರಲ್ಲ. ಅಗ್ನಿಸಾಕ್ಷಿಯಿಲ್ಲದ, ಪಾಣಿಗ್ರಹಣವಿಲ್ಲದ ಮದುವೆಯು ಮದುವೆಯೇ ಅಲ್ಲವೆಂದು ಹಿರಿಯರು ಹೇಳುವರು. ಅವರ ಭಾವನೆಗೆ ನಾವು ತಲೆಬಾಗುತ್ತೇವೆ. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೂ, ವಿಧಿಗಳು ನಡೆಯದೆ ಕೇವಲ ಪ್ರಮಾಣಪತ್ರವನ್ನು ಪಡೆದುಕೊಂಡ ಮಾತ್ರಕ್ಕೆ ಹಿಂದೂ ವಿವಾಹವಾಗದೆಂದು ಸ್ಪಷ್ಟಪಡಿಸಿರುವುದು. ಆದುದರಿಂದ ಸಂಸ್ಕಾರವನ್ನು ಬಯಸುವವರು ವಧೂವರರು ಒಂದೆಡೆ ಸೇರಿದಾಗ ಧಾರೆಯನ್ನೂ ಸಪ್ತಪದಿಯನ್ನೂ ನಡೆಸಲಿ. ಅದನ್ನು ಯಾರೂ ತಡೆಯುವುದಿಲ್ಲ. ನಾವು ಕೇಳುತ್ತಿರುವುದು ವಿಶೇಷ ವಿವಾಹ ಕಾಯಿದೆಯ ವಿಷಯ. ಅಲ್ಲಿ ವಿವಾಹವನ್ನು ಉಂಟುಮಾಡುವುದು ಇಬ್ಬರ ಪ್ರತಿಜ್ಞಾವಾಕ್ಯ. ಆ ವಾಕ್ಯವನ್ನು ಅಧಿಕಾರಿಯೂ ಮೂವರು ಸಾಕ್ಷಿಗಳೂ ಕಣ್ಣಿಂದ ಕಂಡು ಕಿವಿಯಿಂದ ಕೇಳಿದರೆ ಕಾಯಿದೆಯ ಉದ್ದೇಶವು ಈಡೇರಿದಂತೆಯೇ ಸರಿ.

ಎರಡನೆಯ ವಾದವು ಇದಕ್ಕಿಂತ ತೂಕವಾದುದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪರದೇಶದ ವರನೆಂದು ಹಿಗ್ಗಿ ಮಗಳನ್ನು ಕೊಟ್ಟು, ಅವನು ಅಲ್ಲಿ ಇನ್ನೊಬ್ಬಳೊಡನೆ ಸಂಸಾರ ಮಾಡುತ್ತಿರುವುದನ್ನು ಆಮೇಲೆ ತಿಳಿದು ಗೋಳಾಡುವ ತಂದೆತಾಯಿಗಳು ನಮ್ಮಲ್ಲಿ ವಿರಳವಲ್ಲ. ದೂರದ ಬೆಟ್ಟ ನುಣ್ಣಗೆ ಕಾಣುವಂತೆ ದೂರದ ವರನೂ ಕಾಣುವನು. ಈ ಅನ್ಯಾಯವನ್ನು ತಡೆಯುವುದಕ್ಕಾಗಿಯೇ 2019ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆಯು ಮಂಡಿಸಲ್ಪಟ್ಟಿತು. ಅನಿವಾಸಿ ಭಾರತೀಯನ ವಿವಾಹವು 30 ದಿನಗಳೊಳಗೆ ನೋಂದಣಿಯಾಗಬೇಕೆಂದು ಅದು ವಿಧಿಸುತ್ತಿದ್ದಿತು. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗವು ತನ್ನ 287ನೆಯ ವರದಿಯಲ್ಲಿ ಸಮಗ್ರವಾದ ಕಾಯಿದೆಯೊಂದು ಬೇಕೆಂದೂ, ಪಾಸ್‌ಪೋರ್ಟಿನಲ್ಲಿ ವಿವಾಹದ ಸ್ಥಿತಿಯನ್ನು ತೋರಿಸಬೇಕೆಂದೂ ಸೂಚಿಸಿತು. ಇದರ ಮೇಲೆ ವೀಡಿಯೊ ವಿವಾಹವನ್ನೂ ಸುಲಭಮಾಡಿದರೆ ಮೋಸಗಾರನಿಗೆ ವಿಮಾನದ ವೆಚ್ಚವೂ ಉಳಿಯುವುದಲ್ಲವೇ ಎಂದು ಕೇಳುವವರ ಪ್ರಶ್ನೆಯು ನ್ಯಾಯವಾದುದೇ. ಇನ್ನೊಂದು ಭಯವೂ ಉಂಟು. ತೆರೆಯ ಮೇಲೆ ಹುಡುಗಿಯ ಮುಖವೊಂದೇ ಕಾಣುವುದು. ಅದರ ಆಚೆ ಕೋಲು ಹಿಡಿದು ನಿಂತ ಬಂಧುವು ಕಾಣುವುದಿಲ್ಲ.

ಇದಕ್ಕೆ ನಮ್ಮ ಸಮಾಧಾನವಿಷ್ಟು: ಮೋಸಗಾರನು ಇಂದು ಹದಿನೈದು ದಿನದ ರಜೆಯಲ್ಲಿ ಬಂದು, ಛತ್ರದಲ್ಲಿ ಸಾವಿರ ಜನರ ಮುಂದೆ ತಾಳಿ ಕಟ್ಟಿ, ಸುಖವಾಗಿ ವಿಮಾನ ಹತ್ತುತ್ತಿರುವನು. ಅವನ ದೇಹವು ಹಾಜರಿದ್ದುದರಿಂದ ಹುಡುಗಿಗೆ ಯಾವ ರಕ್ಷಣೆಯೂ ಆಗಲಿಲ್ಲ. ಅವನ ಪೂರ್ವವೃತ್ತಾಂತವು ಅಧಿಕಾರಿಯ ಮುಂದೆ ಹಾಜರಾಗಿದ್ದಿದ್ದರೆ ಆಗುತ್ತಿದ್ದಿತು. ಆದುದರಿಂದ ದೂರವಿವಾಹಕ್ಕೆ ನಿಯಮಗಳನ್ನು ಮಾಡುವುದೆಂದರೆ ಬೇಲಿಯನ್ನು ಕೀಳುವುದಲ್ಲ, ಇಲ್ಲದ ಬೇಲಿಯನ್ನು ಹಾಕುವುದು. ಆ ನಿಯಮಗಳು ಹೀಗಿರಬೇಕೆಂದು ನಾವು ಸೂಚಿಸುತ್ತೇವೆ.

ಮೊದಲನೆಯದಾಗಿ, ದೂರದಲ್ಲಿರುವವರು ತಮ್ಮ ಮನೆಯ ಕೋಣೆಯಲ್ಲಿ ಕುಳಿತು ಮದುವೆಯಾಗಕೂಡದು. ಪರದೇಶದಲ್ಲಿರುವವರು ನಮ್ಮ ರಾಯಭಾರ ಕಚೇರಿಯಲ್ಲಿಯೂ, ಸೈನಿಕರು ತಮ್ಮ ದಳದ ಮೇಲಧಿಕಾರಿಯ ಮುಂದೆಯೂ, ಸ್ವದೇಶದ ಇನ್ನೊಂದು ಭಾಗದಲ್ಲಿರುವವರು ಅಲ್ಲಿಯ ವಿವಾಹಾಧಿಕಾರಿಯ ಮುಂದೆಯೂ ನಿಂತು ಪ್ರತಿಜ್ಞೆ ಮಾಡತಕ್ಕದ್ದು. ಇತ್ತ ಇರುವವರು ಸಾಕ್ಷಿಗಳೊಡನೆ ಇಲ್ಲಿಯ ಅಧಿಕಾರಿಯ ಮುಂದೆ ಇರತಕ್ಕದ್ದು. ಎರಡನೆಯದಾಗಿ, ವಧುವನ್ನೂ ವರನನ್ನೂ ಬಂಧುಗಳಿಲ್ಲದೆಡೆಯಲ್ಲಿ ಪ್ರತ್ಯೇಕವಾಗಿ ಕಂಡು, ಇದು ನಿನ್ನ ಸ್ವಂತ ಇಷ್ಟವೇ ಎಂದು ಅವರವರ ಭಾಷೆಯಲ್ಲಿ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ಮೂರನೆಯದಾಗಿ, ಮುಖ್ತ್ಯಾರನಾಮೆಯಿಂದ ಕಾಗದಕ್ಕೆ ರುಜು ಹಾಕಿಸಬಹುದೇ ಹೊರತು, ಒಪ್ಪಿಗೆಯ ಮಾತನ್ನು ಎಂದಿಗೂ ಹೇಳಿಸಕೂಡದು. ನಾಲ್ಕನೆಯದಾಗಿ, ಪರದೇಶದಲ್ಲಿರುವವರು ತಮ್ಮ ವಾಸ, ಉದ್ಯೋಗ, ಪೂರ್ವವಿವಾಹದ ಸ್ಥಿತಿ ಇವುಗಳ ವಿಷಯವಾಗಿ ಪ್ರಮಾಣಪೂರ್ವಕವಾದ ಹೇಳಿಕೆಯನ್ನು ಆಧಾರಗಳೊಡನೆ ಕೊಡಬೇಕು. ಅದು ಎದುರು ಪಕ್ಷದವರಿಗೆ ನೋಟೀಸಿನ 30 ದಿನಗಳೊಳಗೆ ತಲುಪಬೇಕು. ಐದನೆಯದಾಗಿ, ನೋಟೀಸು ಕೊಡುವುದಕ್ಕೆ ದೂರದಲ್ಲಿರುವವರು ಖುದ್ದಾಗಿ ಬರಬೇಕೆಂಬ ನಿರ್ಬಂಧವನ್ನು ತೆಗೆದುಹಾಕಬೇಕು. ಇದೊಂದನ್ನು ಮಾಡಿದರೂ ಅಲ್ಪಕಾಲದ ರಜೆಯಲ್ಲಿ ಬರುವವರ ಅರ್ಧ ಸಂಕಟವು ತೀರುವುದು: ಅವರು ಅಲ್ಲಿಂದಲೇ ನೋಟೀಸು ಕೊಟ್ಟು, ಅವಧಿ ಮುಗಿದ ಮೇಲೆ ಒಂದೇ ಸಲ ಬಂದು, ಎದುರೆದುರಾಗಿಯೇ ಮದುವೆಯಾಗಬಹುದು.

ಇದನ್ನು ಮಾಡಲು ಪಾರ್ಲಿಮೆಂಟಿನ ದಾರಿಯನ್ನೇ ಕಾಯಬೇಕಾಗಿಲ್ಲ. ವಿಶೇಷ ವಿವಾಹ ಕಾಯಿದೆಯ 50ನೆಯ ವಿಧಿಯು ನಿಯಮಗಳನ್ನು ರಚಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೂ ಕೊಟ್ಟಿರುವುದು. ನೆರೆಯ ಕೇರಳವು 2024ರ ಜನವರಿಯಲ್ಲಿ ನಗರಸಭೆಗಳಲ್ಲಿ ವಿವಾಹದ ನೋಂದಣಿಯನ್ನು ವೀಡಿಯೊ ಮೂಲಕ ಗುರುತು ಹಿಡಿದು ಮಾಡುವ ವ್ಯವಸ್ಥೆಯನ್ನು ತಂದಿತು. ನಮ್ಮ ಕರ್ನಾಟಕವೂ ಅದೇ ವರ್ಷ ಕಾವೇರಿ ತಂತ್ರಾಂಶದ ಮೂಲಕ ಹಿಂದೂ ವಿವಾಹಗಳ ನೋಂದಣಿಗೆ ಮನೆಯಿಂದಲೇ ಅರ್ಜಿ ಸಲ್ಲಿಸುವ ಸೌಕರ್ಯವನ್ನು ಕಲ್ಪಿಸಿತು. ನಡೆದ ಮದುವೆಯನ್ನು ದೂರದಿಂದ ಬರೆದುಕೊಳ್ಳಬಲ್ಲ ಸರ್ಕಾರಕ್ಕೆ, ನಡೆಯಬೇಕಾದ ಮದುವೆಯ ನೋಟೀಸನ್ನು ದೂರದಿಂದ ಪಡೆಯುವುದು ಅಸಾಧ್ಯವೇ? ರಾಯಭಾರ ಕಚೇರಿಗಳು ಮಾತ್ರ ಕೇಂದ್ರ ಸರ್ಕಾರದ ಕೈಯಲ್ಲಿರುವುದರಿಂದ, ಅವುಗಳಿಗೆ ತಕ್ಕ ಆಜ್ಞೆಯನ್ನು ದೆಹಲಿಯೇ ಕೊಡಬೇಕು.

ನಾವು ತಡಮಾಡಿದರೆ ಆಗುವುದೇನೆಂಬುದಕ್ಕೆ ಇಸ್ರೇಲ್ ದೇಶದ ದೃಷ್ಟಾಂತವಿದೆ. ಅಲ್ಲಿ ಧಾರ್ಮಿಕ ವಿವಾಹವಲ್ಲದೆ ಬೇರೆ ವಿವಾಹಕ್ಕೆ ಅವಕಾಶವಿಲ್ಲದುದರಿಂದ, ಅನೇಕ ದಂಪತಿಗಳು ಅಮೆರಿಕದ ಯೂಟಾ ಕೌಂಟಿಯ ಅಧಿಕಾರಿಯ ಮೂಲಕ ವೀಡಿಯೊದಲ್ಲಿ ಮದುವೆಯಾದರು. ಅವುಗಳನ್ನು ದಫ್ತರಿನಲ್ಲಿ ಬರೆದುಕೊಳ್ಳಬೇಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2023ರ ಮಾರ್ಚಿಯಲ್ಲಿ ವಿಧಿಸಬೇಕಾಯಿತು. ಸ್ವತಂತ್ರ ದೇಶದ ಪ್ರಜೆಗಳು ತಮ್ಮ ನೆಲದಲ್ಲಿಯೇ ಇದ್ದುಕೊಂಡು ಹೊರದೇಶದ ಒಂದು ಜಿಲ್ಲಾ ಕಚೇರಿಯಿಂದ ದಾಂಪತ್ಯವನ್ನು ಪಡೆಯುವ ಸ್ಥಿತಿಯು ನಮ್ಮವರಿಗೆ ಬರಬಾರದು.

ತಂದೆತಾಯಿಗಳಿಗೂ ತರುಣರಿಗೂ ಒಂದು ಮಾತು. ಈ ಸೌಕರ್ಯವು ಒಬ್ಬರನ್ನೊಬ್ಬರು ಅರಿತು, ಸಂದರ್ಭವಶದಿಂದ ದೂರವಾದವರಿಗೆ ಮೀಸಲಾದುದೇ ಹೊರತು, ಮುಖವನ್ನೇ ಕಾಣದವರಿಗೆ ಗಂಟು ಹಾಕುವುದಕ್ಕಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡೆಂಬ ಗಾದೆಯನ್ನು ದೂರದ ಸಂಬಂಧಗಳಲ್ಲಿ ಯಾರೂ ಅನುಸರಿಸದಿರಲಿ. ಅಲ್ಲದೆ, ಅಮೆರಿಕದ ವಲಸೆ ಕಾಯಿದೆಯು, ವಧೂವರರು ಒಬ್ಬರ ಸಮ್ಮುಖದಲ್ಲಿ ಒಬ್ಬರಿಲ್ಲದೆ ನಡೆದ ವಿವಾಹವನ್ನು, ಅನಂತರ ಅವರು ಕೂಡಿ ದಾಂಪತ್ಯ ನಡೆಸಿದ ಹೊರತು, ಒಪ್ಪುವುದಿಲ್ಲ. ಪ್ರಮಾಣಪತ್ರವೊಂದಿದ್ದರೆ ಮರುದಿನವೇ ವೀಸಾ ಕೊಡಿಸುತ್ತೇವೆನ್ನುವ ದಲ್ಲಾಳಿಗಳ ಮಾತಿಗೆ ಮರುಳಾಗಬಾರದು.

ಕೈ ಹಿಡಿಯುವ ದಿನವು ಎಲ್ಲರಿಗೂ ಬರಲಿ. ಆದರೆ ಅದಕ್ಕೆ ಮೊದಲು ಮಾತು ಕೊಡುವ ಹಕ್ಕನ್ನು ರಜೆಯ ದಿನಗಳ ಎಣಿಕೆಯು ಕಸಿದುಕೊಳ್ಳಬಾರದು. ನಿಯಮಗಳ ಕರಡನ್ನು ಪ್ರಕಟಿಸಿ ಮಹಾಜನರ ಅಭಿಪ್ರಾಯವನ್ನು ಕೇಳುವುದಕ್ಕೆ ರಾಜ್ಯ ಸರ್ಕಾರಕ್ಕೆ ಒಂದು ಅಧಿಸೂಚನೆಯ ಖರ್ಚಿಗಿಂತ ಹೆಚ್ಚು ಬೀಳಲಾರದು. ನಮ್ಮ ಶಾಸಕರು ಮುಂದಿನ ಅಧಿವೇಶನದಲ್ಲಿಯೇ ಈ ಪ್ರಶ್ನೆಯನ್ನೆತ್ತಿ ಮಂತ್ರಿಗಳಿಂದ ಸ್ಪಷ್ಟವಾದ ಉತ್ತರವನ್ನು ಪಡೆಯಬೇಕೆಂದು ಆಗ್ರಹಪಡಿಸುತ್ತೇವೆ.